ಹಲಗೆ ಬಾಯಿ ಬಿಟ್ಟಿತು

ಕೋಲ್ಕತ್ತಾದ ಬೆಹಾಲಾದಲ್ಲಿರುವ ನಮ್ಮ ಪಾಡಾದಲ್ಲಿ, ಅಂದರೆ ನಮ್ಮ ಕೇರಿಯಲ್ಲಿ, ಹಳೇ ನಾಟಕಶಾಲೆಯೊಂದನ್ನು ಉಳಿಸಿಕೊಳ್ಳಲು ಸಭೆ ಸೇರಿತ್ತು. ಸೂರು ಸೋರುವ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಶಿಲಾಫಲಕದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದು ಮಾತ್ರ ಎರಡು ಗಂಟೆ ನಡೆದು, ಎರಡು ಸುತ್ತು ಚಹಾ ಕುಡಿದು, ಮುಂದಿನ ಭಾನುವಾರಕ್ಕೆ ಹೋಯಿತು. ತಲೆ ಕೆಟ್ಟು ಚೌರಸ್ತಾದಲ್ಲಿ ಮೆಟ್ರೋ ಹತ್ತಿದೆ. ಮಾಝೇರ್‌ಹಾಟ್‌ನಲ್ಲಿ ಇಳಿದು ಬಸ್ಸು, ಬಸ್ಸಿಳಿದು ಇನ್ನೊಂದು ಮೆಟ್ರೋ. ಹಾತಿಬಾಗಾನ್‌ನ ಸ್ಟಾರ್ ಥಿಯೇಟರ್ ಮುಂದೆ ನಿಂತಾಗ ಸಂಜೆಯಾಗಿತ್ತು. ಈಗ ಅದು ಬಿನೋದಿನಿ ಥಿಯೇಟರ್. ಹೆಸರು ಕಳೆದುಕೊಂಡ ಹಳೇ ಹಲಗೆ ಮಾತಿಗೆ ಸಿಕ್ಕಿತು. ನನ್ನ ಕಲ್ಪನೆಯಲ್ಲೇ ಅನ್ನಿ.

ನಾನು: ಅಜ್ಜಾ, ತಮಗೀಗ ವಯಸ್ಸೆಷ್ಟು?

ಹಲಗೆ: ಮರಕ್ಕೋ, ಹೆಸರಿಗೋ? ಮರ ಎಷ್ಟೋ ಸಲ ಬದಲಾಗಿದೆ. ಹೆಸರು 1883ರ ಜುಲೈ 21ರದು. ಹುಟ್ಟಿದ್ದು ಇಲ್ಲಲ್ಲಪ್ಪ, ಬೀಡನ್ ಸ್ಟ್ರೀಟಿನಲ್ಲಿ. ಮೊದಲ ಆಟ ಗಿರೀಶಚಂದ್ರ ಘೋಷರ 'ದಕ್ಷಯಜ್ಞ'. ಕರೆಯದೆ ಬಿಟ್ಟ ಮಗಳ ಕಥೆ. ಆ ಸತಿಯ ಪಾತ್ರ ನಟಿ ಬಿನೋದಿನಿಯದೇ. ಗಿರೀಶಬಾಬುವಿಗೆ ಅವತ್ತು ಬೇರೆ ಕಥೆ ಸಿಗಲಿಲ್ಲವೇನೋ.

ನಾನು: ಕಟ್ಟಿಸಿದ್ದು ಗುರ್ಮುಖ್ ರಾಯ್ ಅಲ್ಲವೇ?

ಹಲಗೆ: ದುಡ್ಡು ಅವನದು. ಆದರೆ ಥೈಲಿ ಬಿಚ್ಚಿದ್ದು ನಾಟಕದ ಹುಚ್ಚಿಗಲ್ಲ, ಬಿನೋದಿನಿಯ ಹುಚ್ಚಿಗೆ. ಐವತ್ತು ಸಾವಿರ ಕೊಡುತ್ತೇನೆ, ಥಿಯೇಟರ್ ಗೀಯೇಟರ್ ಬೇಡ ಅಂದನಂತೆ. ಅವಳು ಆ ಗಂಟು ಬೇಡ, ಥಿಯೇಟರೇ ಬೇಕು ಅಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ! ಅವನ ಆಸರೆಗೆ ಹೋಗಲು ಅವಳನ್ನು ಒಪ್ಪಿಸಿದವರು ಜೊತೆಯ ಕಲಾವಿದರೇ. ನೀವು ರಸೀತಿ ಪುಸ್ತಕ ಹಿಡಿದು ಮನೆಮನೆ ಸುತ್ತುತ್ತೀರಲ್ಲ, ಅವರಿಗೆ ಆ ಕಷ್ಟವೇ ಬರಲಿಲ್ಲ. ಒಬ್ಬಳನ್ನೇ ಚಂದಾ ಕೊಟ್ಟುಬಿಟ್ಟರು.

ನಾನು: ಅವಳು ಮಣ್ಣೂ ಹೊತ್ತಳಂತೆ?

ಹಲಗೆ: ಹೊತ್ತಳು. 'ಆಮಾರ್ ಕಥಾ' ಅಂತ ತನ್ನ ಕಥೆ ಬರೆದಿದ್ದಾಳೆ, ಓದು. ಗುಂಡಿ ಮುಚ್ಚಲು ಬುಟ್ಟಿ ಬುಟ್ಟಿ ಮಣ್ಣು ತಾನೇ ಹೊತ್ತು ಹಾಕಿದ್ದು, ಕೆಲಸ ಬೇಗ ಸಾಗಲೆಂದು ಕೂಲಿಯವರಿಗೆ ಬುಟ್ಟಿಗೆ ನಾಲ್ಕು ಕವಡೆ ಎಣಿಸಿದ್ದು, ಎಲ್ಲ ಅದರಲ್ಲಿದೆ. ನಾನಾಗ ಬಡಗಿಯ ಮುಂದೆ ಬರೀ ಹಲಗೆಯಾಗಿ ಮಲಗಿದ್ದೆ. ಮೈಮೇಲೆ 'ಬಿ' ಅಂತ ಬರುತ್ತದೆ ಅಂದುಕೊಂಡಿದ್ದೆ.

ನಾನು: 'ಬಿ' ಅಂದರೆ?

ಹಲಗೆ: ಬಿ ಥಿಯೇಟರ್. ಬಿನೋದಿನಿಯ ಬಿ. ಪೂರ್ತಿ ಹೆಸರೂ ಅಲ್ಲ, ಒಂದೇ ಅಕ್ಷರ. ಹಾಗಂತ ಅವಳಿಗೆ ಮಾತು ಕೊಟ್ಟಿದ್ದರು. ಗಂಡಸರು ರಿಜಿಸ್ಟ್ರಿ ಮಾಡಿಸಲು ಹೋದರು. ತಿರುಗಿ ಬಂದಾಗ ಇವಳು ಓಡಿಹೋಗಿ ಏನು ಹೆಸರಾಯಿತು ಅಂದಳು. ಕಂಪನಿಯ ದಾಸುಬಾಬು ನಗುನಗುತ್ತಾ 'ಸ್ಟಾರ್' ಅಂದರು. ದಾರಿಯಲ್ಲೆಲ್ಲೋ ಬಿ ಬಿದ್ದುಹೋಗಿತ್ತು! ವೇಶ್ಯೆಯ ಹೆಸರಿದ್ದರೆ ಮರ್ಯಾದಸ್ಥರು ಬರುವುದಿಲ್ಲ ಅನ್ನುವ ಲೆಕ್ಕ. ಮರುವರ್ಷ, 1884ರ ಸೆಪ್ಟೆಂಬರ್ 21ರಂದು, ರಾಮಕೃಷ್ಣ ಪರಮಹಂಸರೇ ಬಂದು 'ಚೈತನ್ಯಲೀಲಾ' ನೋಡಿ ಅವಳನ್ನು ಹರಸಿದರು. ಚೈತನ್ಯನ ವೇಷ ಹಾಕಿದ್ದವಳು ಅವಳೇ. ರಂಗದ ಮೇಲೆ ಬಂದರೆ ಕೈಮುಗಿಯುತ್ತಾರೆ, ಬಾಗಿಲ ಮೇಲೆ ಬಂದರೆ ಮೂಗು ಮುಚ್ಚುತ್ತಾರೆ.

ನಾನು: ಹೆಸರು ಹೋಗಲಿ, ಪಾಲಾದರೂ ಸಿಕ್ಕಿತೇ?

ಹಲಗೆ: ಗುರ್ಮುಖ್ ಕೈಬಿಟ್ಟು ಹೋಗುವಾಗ ಅರ್ಧ ಅವಳಿಗೆ ಕೊಡಲು ಮನಸ್ಸು ಮಾಡಿದ್ದ. ಗಿರೀಶಬಾಬು ಅವಳ ತಾಯಿಗೆ ಬುದ್ಧಿ ಹೇಳಿ ಬೇಡ ಅನ್ನಿಸಿದರು. ಕೊನೆಗೆ ಅದು ಕಂಪನಿಯ ನಾಲ್ವರು ಗಂಡಸರಿಗೆ ಹೋಯಿತು. ಅಟ್ಟ ಹತ್ತಿದ ಮೇಲೆ ಏಣಿ ಒದ್ದರು ಅನ್ನಬೇಡ. ಒದೆಯಲಿಲ್ಲ ಪಾಪ, ಏಣಿಗೆ ಬುದ್ಧಿ ಹೇಳಿದರು.

ನಾನು: ಗಿರೀಶಬಾಬು ಅಷ್ಟು ಕೆಟ್ಟವರೇ?

ಹಲಗೆ: ಅದನ್ನೇ ನಾನು ಹೇಳಲಾರೆ. 1887ರಲ್ಲಿ ಗೋಪಾಲಲಾಲ್ ಶೀಲ್ ಎಂಬ ಸಾಹುಕಾರ ಬೀಡನ್ ಸ್ಟ್ರೀಟಿನ ಕಟ್ಟಡ ಕೊಂಡ. ನಮ್ಮವರು ಗೋಡೆ ಮಾರಿದರು, ಹೆಸರು ಮಾರಲಿಲ್ಲ. ನನ್ನನ್ನು ಕಂಕುಳಲ್ಲಿಟ್ಟುಕೊಂಡು ಹೊರಟರು. ಅವನು ಅಲ್ಲಿ ಎಮರಾಲ್ಡ್ ಅಂತ ಬರೆಸಿ, ಇಪ್ಪತ್ತು ಸಾವಿರ ಕೊಟ್ಟು ಗಿರೀಶಬಾಬುವನ್ನೇ ಮ್ಯಾನೇಜರ್ ಮಾಡಿಕೊಂಡ. ಅದರಲ್ಲಿ ಹದಿನಾರು ಸಾವಿರವನ್ನು ಅವರು ನಮ್ಮ ಹುಡುಗರ ಕೈಗಿಟ್ಟರು. ಹಾತಿಬಾಗಾನ್‌ನ ಈ ಸ್ಟಾರ್ ಎದ್ದದ್ದು ಆ ದುಡ್ಡಿನ ಮೇಲೆ. 1888ರಲ್ಲಿ ಬಾಗಿಲು ತೆರೆದಾಗ ಆಡಿದ 'ನಸೀರಾಮ್' ಕೂಡ ಅವರದೇ, ಕರ್ತೃವಿನ ಹೆಸರು ಮಾತ್ರ 'ಸೇವಕ'. ತನ್ನ ಹೆಸರು ಮುಚ್ಚಿಡುವುದೂ ಗೊತ್ತಿತ್ತು ಆ ಮನುಷ್ಯನಿಗೆ. ಅಷ್ಟರಲ್ಲಿ ಬಿನೋದಿನಿ ರಂಗ ಬಿಟ್ಟಾಗಿತ್ತು. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಬದುಕಿದಳು, 1941ರವರೆಗೆ.

ನಾನು: ಬೆಂಕಿಯ ವಿಷಯ?

ಹಲಗೆ: 1991. ಬೇಡ ಬಿಡು, ಇನ್ನೂ ಮೈ ಉರಿಯುತ್ತದೆ. ಮುನಿಸಿಪಾಲಿಟಿಯವರು ಮತ್ತೆ ಕಟ್ಟಿ 2004ರಲ್ಲಿ ತೆರೆದರು. ಆಮೇಲೆ ನಾಟಕದ ಮನೆಯೊಳಗೆ ಸಿನಿಮಾವೂ ನುಗ್ಗಿತು.

ನಾನು: ಅದೇ ವರ್ಷ ನಮ್ಮ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆಯಿತು. ಅರುಂಧತಿ ನಾಗ್ ವರ್ಷಗಟ್ಟಲೆ ಓಡಾಡಿ ಕಟ್ಟಿಸಿದ್ದು. ಅವರ ಗಂಡ ಶಂಕರನಾಗ್ ಹೆಸರು ಮೊದಲ ದಿನದಿಂದಲೇ ಇತ್ತು.

ಹಲಗೆ: ಆಯಮ್ಮ ರಿಜಿಸ್ಟ್ರಿಗೆ ತಾನೇ ಹೋಗಿದ್ದಿರಬೇಕು.

ನಾನು: ಈಗ ತಮ್ಮನ್ನು ಇಳಿಸಿದ್ದಕ್ಕೆ ಬೇಸರವೇ?

ಹಲಗೆ: ಆಗ ಮುಖ್ಯಮಂತ್ರಿಯಾಗಿದ್ದ ಮಮತಾ ಬ್ಯಾನರ್ಜಿ 2024ರ ಡಿಸೆಂಬರ್ 30ರಂದು ಹೆಸರು ಬದಲಿಸುವುದಾಗಿ ಹೇಳಿದರು. ಹೇಳಿದ್ದು ಎಲ್ಲಿ? ಸಂದೇಶ್‌ಖಾಲಿಯ ಸಭೆಯಲ್ಲಿ. ನೋಡು, ಹೆಸರಿನ ತೀರ್ಮಾನ ಥಿಯೇಟರಿನಲ್ಲಿ ಯಾವತ್ತೂ ಆಗಲಿಲ್ಲ. ಅವತ್ತು ರಿಜಿಸ್ಟ್ರಿ ಆಫೀಸು, ಇವತ್ತು ಮೈಕು. 141 ವರ್ಷ ಬೇರೆಯವಳ ಜಾಗದಲ್ಲಿ ನಿಂತು ಕಾಲು ಸೋತಿತ್ತು, ಕೂರಲು ಹೇಳಿದರು. ಬೇಸರ ಯಾಕೆ? ಅಂದ ಹಾಗೆ, ಹೆಸರಿನ ವಿದ್ಯೆ ನಿಮ್ಮ ಬೆಹಾಲಾದವರಿಗೆ ಕಲಿಸಬೇಕೇ? 1698ರಲ್ಲಿ ಅಲ್ಲಿನ ಬಡಿಶಾದ ಸಾಬರ್ಣ ರಾಯ್ ಚೌಧುರಿಗಳ ಮನೆತನ 1,300 ರೂಪಾಯಿಗೆ ಮೂರು ಹಳ್ಳಿಗಳ ಹಕ್ಕು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿತು. ನಾವೀಗ ನಿಂತಿರುವುದೂ ಅದರಲ್ಲೊಂದು, ಸುತಾನುಟಿ. ಆಮೇಲೆ ಊರು ಕಟ್ಟಿದವನು ಜಾಬ್ ಚಾರ್ನಾಕ್ ಅಂತ ಮುನ್ನೂರು ವರ್ಷ ಪಾಠ ಹೇಳಿದರು. ಅದೇ ಮನೆತನದವರು ಹೈಕೋರ್ಟಿಗೆ ಹೋಗಿ 2003ರಲ್ಲಿ ಅವನ ಹೆಸರು ತೆಗೆಸಿದರು. ಬಿನೋದಿನಿಗೆ ಅಂಥ ಮನೆತನ ಇರಲಿಲ್ಲ. ಇರಲಿ, ನಿಮ್ಮ ಕಲ್ಲಿನಲ್ಲಿ ಎಷ್ಟು ಹೆಸರು?

ನಾನು: ಸದ್ಯಕ್ಕೆ ಹದಿನೇಳು.

ಹಲಗೆ: ಅದರಲ್ಲಿ ಮಣ್ಣು ಹೊತ್ತವರು?

ಉತ್ತರ ಹುಡುಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ನಮ್ಮ ಕಮಿಟಿಯ ಕಾರ್ಯದರ್ಶಿ. ಸಂಜೆಯ ಗಾಳಿಮಳೆಗೆ ನಾಟಕಶಾಲೆಯ ಹಿಂಬದಿಯ ತಗಡು ಹಾರಿಹೋಗಿದೆಯಂತೆ. ಗಾಬರಿಯಾಗಬೇಡಿ ದಾದಾ, ಕಲ್ಲನ್ನು ಮೊದಲೇ ಒಳಗೆ ತಂದಿಟ್ಟಿದ್ದೇವೆ ಎಂದರು.