ಪ್ಲಾನ್ ದೊಡ್ಡಪ್ಪ

ಚೌಳಹಿರಿಯೂರಿನ ಸುತ್ತಮುತ್ತ ಯಾರ ಮನೆ ಗೃಹಪ್ರವೇಶವಾದರೂ ಊಟದ ಪಂಕ್ತಿ ಏಳುವುದರೊಳಗೆ ಒಬ್ಬರು ಟೇಪು ಹಿಡಿದು ನಡುಮನೆ ಅಳೆಯುತ್ತಿರುತ್ತಾರೆ. ಅಳೆದು ತಲೆ ಅಲ್ಲಾಡಿಸಿ, ಮನೆಯ ಯಜಮಾನನಿಗೆ ಕೇಳಿಸುವಷ್ಟೇ ಮೆಲ್ಲಗೆ "ಆಯ ತಪ್ಪಿಸ್ಯಾರೆ" ಅನ್ನುತ್ತಾರೆ. ಅವರೇ ಪ್ಲಾನ್ ದೊಡ್ಡಪ್ಪ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವ ಊರಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇಲ್ಲದಿದ್ದರೆ ಆ ಊರಿನಲ್ಲಿ ಮನೆಗಳು ಇಷ್ಟು ಬೇಗ ಮುಗಿಯುತ್ತಿರಲಿಲ್ಲ. ಅವರು ಬಂದು ನೋಡುವುದರೊಳಗೆ ಮೋಲ್ಡ್ ಹಾಕಿಬಿಡಬೇಕೆಂಬ ಆತುರ ಎಲ್ಲರಿಗೂ.

ದೊಡ್ಡಪ್ಪ ಕಟ್ಟಿಸಲಿರುವುದು ಮರದ ತೊಟ್ಟಿಮನೆ. ಅದರ ನಕ್ಷೆ ಲಗ್ನಪತ್ರಿಕೆಗಳ ಬೆನ್ನ ಮೇಲೆ ಬೆಳೆಯುತ್ತ ಬಂದಿದೆ. ಜಗಲಿ, ಪಡಸಾಲೆ, ನಡುಮನೆ, ದೇವರಮನೆ, ಬಾಣಂತಿ ಕೋಣೆ, ಅಟ್ಟ, ಕೊಟ್ಟಿಗೆ. ದನ ಮಾರಿ ಬಹಳ ಕಾಲವಾಯಿತು, ಕೊನೆಯ ಸೊಸೆ ಬಾಣಂತನಕ್ಕೆ ತವರಿಗೆ ಹೋದಳು. ಆದರೂ ಆ ಎರಡು ಕೋಣೆಗಳ ಅಳತೆಯಲ್ಲಿ ಒಂದು ಅಂಗುಲವೂ ಕಡಿಮೆಯಾಗಿಲ್ಲ.

"ಮರದ ಮನೆ ಪ್ಲಾನು ಎಂಜಿನಿಯರ್ ಹಾಕೋದಲ್ಲಪ್ಪಾ, ತೊಲೆ ಹಾಕ್ತೈತೆ" ಎಂದು ಶುರುಮಾಡುತ್ತಾರೆ. ಮಾತು ನಿಜವೇ. ಕಂಬದ ನೆತ್ತಿಗೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಸಾಲು ಜಂತಿ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಇರುವ ತೊಲೆ ಹನ್ನೆರಡಡಿಯದಾದರೆ ಅಂಕಣವೂ ಅದಕ್ಕೆ ತಕ್ಕಷ್ಟೇ. ಇಪ್ಪತ್ತಡಿ ಹಾಲ್ ಬೇಕೆಂದು ಹಟ ಹಿಡಿದರೆ ನಟ್ಟನಡುವೆ ಕಂಬ ನಿಲ್ಲುತ್ತದೆ, ಟೀವಿಗೆ ಅಡ್ಡವಾಗಿ. ಹೆಂಚಿನ ಮಾತು ಬಂದರಂತೂ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಾಗ ತಾವೇ ಟೇಪ್ ಕತ್ತರಿಸಿದವರಂತೆ ಮಾತಾಡುತ್ತಾರೆ.

ಆಯದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ವೃಷಭ, ಏಳು ಗಜ. ಏನೂ ಉಳಿಯದಿದ್ದರೆ ಕಾಕ, ಅಂದರೆ ಕಾಗೆ. ದೊಡ್ಡಪ್ಪನ ಮನೆ 41ಕ್ಕೆ 33, ಗುಣಿಸಿದರೆ 1353. ಉಳಿಯುವುದು ಒಂದು, ಧ್ವಜಾಯ. ಬೆಂಗಳೂರಿನ ಮಗ ಒಂದಡಿ ಕಡಿಮೆ ಮಾಡಿ 40 ಮಾಡೋಣವೆಂದಾಗ 1320 ಆಯಿತು, ಬಾವುಟ ಇಳಿದು ಕಾಗೆ ಕೂತಿತು. "ನಿಮ್ಮ ಬೆಂಗ್ಳೂರಿನ ಥರ್ಟಿ ಫಾರ್ಟಿನೂ ಕಾಗೇನೇ ಕಣೋ, ಹಾಕಿ ನೋಡು" ಅಂದರು. ಹಾಕಿ ನೋಡಿದೆವು: 1200, ಶೇಷ ಸೊನ್ನೆ. ಸಿಕ್ಸ್‌ಟಿ ಫಾರ್ಟಿಯದೂ ಅದೇ ಹಣೆಬರಹ. ಆಯ ನೋಡುವುದು ಮನೆಗೆ, ಸೈಟಿಗಲ್ಲ ಎಂದು ಮಗ ವಾದಿಸಿದ. ಆದರೆ ಅವತ್ತಿನಿಂದ ಅವನ ಮುಖದಲ್ಲಿ ಕಳೆಯಿಲ್ಲ. ಲೋನು ಇನ್ನೂ ತೀರಿಲ್ಲ ನೋಡಿ.

ಇನ್ನು ಮರ. ಬದುವಿನ ತೇಗ ಕಡಿಯಬೇಕಾದರೆ 1976ರ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯನ್ನು ದೊಡ್ಡಪ್ಪ ಬರೆದಿದ್ದಾರೆ, ಕೊಟ್ಟಿಲ್ಲ. ಕೊಟ್ಟರೆ ಅನುಮತಿ ಸಿಕ್ಕಿಬಿಟ್ಟೀತು. "ತೆಂಗಿಗೆ ಆ ಕಾಟ ಇಲ್ವಲ್ಲ, ಅದರದೇ ತೊಲೆ ಹಾಕೋಣ" ಅಂದ ಆಚಾರ್ರ ಜೊತೆ ಮಾತು ಬಿಟ್ಟರು. ಕೊನೆಗೆ, ಬೀರೂರಿನ ಕಡೆ ಯಾರೋ ಕೆಡವಿದ ಹಳೇ ಮನೆಯ ಕಂಬ, ತೊಲೆ ತಂದು ಹಿತ್ತಲಲ್ಲಿ ಪೇರಿಸಿ ಟಾರ್ಪಾಲು ಹೊದಿಸಿದರು.

ದೊಡ್ಡಮ್ಮನದು ಮೊದಲಿಂದಲೂ ಎರಡೇ ಪ್ರಶ್ನೆ. ತೊಟ್ಟಿಯಿಂದ ಕೋತಿ ಇಳಿದರೆ ಏನು ಮಾಡೋದು? ಬಟ್ಟೆ ಒಣಗಾಕೋದೆಲ್ಲಿ? ಮೊದಲನೆಯದಕ್ಕೆ ಕಬ್ಬಿಣದ ಜಾಲರಿ ಅಂತ ಉತ್ತರ ಸಿಕ್ಕಿದೆ. ಎರಡನೆಯದು ಇನ್ನೂ ಯಾವ ಲಗ್ನಪತ್ರಿಕೆಗೂ ಹತ್ತಿಲ್ಲ.

ಮೊನ್ನೆ ಟಾರ್ಪಾಲು ಎತ್ತಿದರೆ ತೊಲೆಯ ತುದಿಗೆ ಗೆದ್ದಲು. ಕೆಟ್ಟಿದ್ದನ್ನು ಕೊಯ್ದು ತೆಗೆದರೆ ಹನ್ನೆರಡಡಿಯದು ಹತ್ತೂವರೆಗೆ ಬಂತು. ತೊಲೆ ಗಿಡ್ಡವಾದರೆ ಅಂಕಣ ಗಿಡ್ಡ, ಅಂಕಣ ಗಿಡ್ಡವಾದರೆ ಆಯ ಬದಲು, ಇಡೀ ಪ್ಲಾನು ಮೊದಲಿಂದ. ನಾವು ಸಮಾಧಾನ ಹೇಳಲು ಹೋದರೆ ದೊಡ್ಡಪ್ಪ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದರು, ಮದುವೆ ಗಂಡಿನ ಉತ್ಸಾಹ. ಹೊಸ ಅಂಕಣ ಕಣ್ಣಿಗೆ ಹೇಗೆ ಕಾಣುತ್ತದೋ ನೋಡಬೇಕೆಂದು ಹಿತ್ತಲಲ್ಲಿ ಎರಡು ಕಂಬ ನೆಡಿಸಿದ್ದರು.

ದೊಡ್ಡಮ್ಮ ಆಗಲೇ ಅವಕ್ಕೆ ತಂತಿ ಬಿಗಿದು ದುಪ್ಪಟಿ ಹರವಿದ್ದರು.