ಸದ್ದು ನಮ್ಮ ಇಲಾಖೆಗೆ ಬರುವುದಿಲ್ಲ

ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆ. ಸದ್ದು ಹೊರಡಿಸುವ ಸಿಂಥಸೈಜರ್ ಪೆಟ್ಟಿಗೆ ಹಿಂದಿನ ಮೂಲೆಯಲ್ಲಿ ಮುಸುಕು ಹೊದ್ದು ಕೂತಿದೆ. ಮುಂದೆ, ಸ್ಟ್ಯಾಂಡಿನ ಮೇಲೆ ಹೊಳೆಯುತ್ತಾ, ತಂತಿಯ ಹಂಗಿಲ್ಲದೆ ಅದರ ಮೇಲೆ ದರ್ಬಾರು ನಡೆಸುವವರು ಶ್ರೀಯುತ ಟ್ಯಾಬ್ಲೆಟ್. ಸೌಂಡ್ ಚೆಕ್ ನಡುವೆ ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕರು.

ಪ್ರಶ್ನೆ: ನಮಸ್ಕಾರ ಸಾರ್. ತಾವು ಯಾವ ವಾದ್ಯ?

ಟ್ಯಾಬ್ಲೆಟ್: ವಾದ್ಯ ಅನ್ನಬೇಡಿ. ನಾನು ನಿಯಂತ್ರಣಾಧಿಕಾರಿ. ಯಾವ ಸ್ವರ, ಎಷ್ಟು ಜೋರು, ಯಾವಾಗ ಬಂದ್ ಎಂದು ಆದೇಶ ಹೊರಡಿಸುವುದಷ್ಟೇ ನನ್ನ ಕೆಲಸ. ವಿದ್ಯುನ್ಮಾನ ವಾದ್ಯಗಳು ಮಾತಾಡಿಕೊಳ್ಳುವ ಮಿಡಿ ಭಾಷೆಯಲ್ಲಿ ಒಂದು ಸ್ವರದ ಆದೇಶಕ್ಕೆ ಮೂರು ಬೈಟ್ ಸಾಕು. ಅದರೊಳಗೆ ಸದ್ದು ಎಳ್ಳಷ್ಟೂ ಇರುವುದಿಲ್ಲ. ಸದ್ದು ಮೂಲೆಯ ಪೆಟ್ಟಿಗೆಯ ಇಲಾಖೆ.

ಪ್ರಶ್ನೆ: ಪೆಟ್ಟಿಗೆ ಇಲ್ಲದಿದ್ದರೆ?

ಟ್ಯಾಬ್ಲೆಟ್: ಆದೇಶ ಹೊರಡುತ್ತಲೇ ಇರುತ್ತದೆ. ಜಾರಿಯಾಗದಿದ್ದರೆ ನಾನೇನು ಮಾಡಲಿ?

ಪ್ರಶ್ನೆ: ಈ ಮಿಡಿ ತಮ್ಮದೇ ಆವಿಷ್ಕಾರವೇ?

ಟ್ಯಾಬ್ಲೆಟ್: ಹಾಗಂತ ಬರೆದುಕೊಂಡರೆ ಅಡ್ಡಿಯಿಲ್ಲ. ನಿಜ ಬೇಕೆಂದರೆ, 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯೋದ್ಯಮದ ಮೇಳದಲ್ಲಿ ಡೇವ್ ಸ್ಮಿತ್ ಕಂಪನಿಯ ಪ್ರಾಫೆಟ್-600 ಸಿಂಥಸೈಜರ್‌ಗೂ ರೋಲ್ಯಾಂಡ್‌ನ ಜ್ಯೂಪಿಟರ್-6ಕ್ಕೂ ಕೇಬಲ್ ಜೋಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳು ಮಾತಾಡಿಕೊಳ್ಳುವಂತಾದದ್ದು ಆಗ. ಸ್ಮಿತ್‌ಗೂ ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಬಂತು. ಕೇಬಲ್ಲಿಗೆ ಒಂದು ಶಾಲೂ ಸಿಗಲಿಲ್ಲ.

ಪ್ರಶ್ನೆ: ಆ ಕೇಬಲ್ ಬಗ್ಗೆ ತಮ್ಮ ಅಭಿಪ್ರಾಯ?

ಟ್ಯಾಬ್ಲೆಟ್: ಐದು ಪಿನ್ನಿನ ಮುದುಕ! ಅದರಲ್ಲೂ ಕೆಲಸ ಮಾಡುವ ಪಿನ್ನು ಮೂರೇ. ಉಳಿದೆರಡು ಹಾಜರಿ ಹಾಕಿ ಕೂತಿರುತ್ತವೆ. ವೇಗ ಸೆಕೆಂಡಿಗೆ ಬರೀ 31,250 ಬಿಟ್.

ಪ್ರಶ್ನೆ: ಆ ವೇಗದಲ್ಲೂ ಒಂದು ಸ್ವರದ ಆದೇಶ ಒಂದು ಮಿಲಿಸೆಕೆಂಡಿನೊಳಗೆ ಮುಟ್ಟುತ್ತದೆ. ತಾವು ಬ್ಲೂಟೂತ್ ಹಿಡಿದರೆ, ಒಂದು ಸರದಿ ಮುಗಿದು ಇನ್ನೊಂದು ಬರುವುದಕ್ಕೇ ಸಾಮಾನ್ಯವಾಗಿ ಕನಿಷ್ಠ ಏಳೂವರೆ ಮಿಲಿಸೆಕೆಂಡು ಬೇಕಂತೆ.

ಟ್ಯಾಬ್ಲೆಟ್: ದೊಡ್ಡವರು ಸ್ವಲ್ಪ ತಡವಾಗಿ ಬರುವುದು ವಾಡಿಕೆ. ದಿನಾ ಒಂದೇ ಸಮ ತಡವಾದರೆ ನುಡಿಸುವವರ ಬೆರಳೂ ಒಗ್ಗಿಕೊಳ್ಳುತ್ತದೆ. ಒಮ್ಮೆ ಬೇಗ, ಒಮ್ಮೆ ನಿಧಾನ ಬಂದರೆ ಮಾತ್ರ ಡೋಲಕ್‌ನವರು ನನ್ನನ್ನು ದುರುಗುಟ್ಟಿ ನೋಡುತ್ತಾರೆ.

ಪ್ರಶ್ನೆ: ತಂತಿಯಿಂದ ಪೂರ್ತಿ ಬಿಡುಗಡೆ ಸಿಕ್ಕಿತೇ?

ಟ್ಯಾಬ್ಲೆಟ್: ನೂರಕ್ಕೆ ನೂರು. ನನ್ನ ಆದೇಶ ವೈಫೈಯಲ್ಲಿ ರೌಟರಿಗೆ ಹೋಗುತ್ತದೆ. ರೌಟರಿಗೊಂದು ಅಡಾಪ್ಟರ್ ತಂತಿ. ಅಲ್ಲಿಂದ ಲ್ಯಾಪ್‌ಟಾಪಿಗೆ, ಅದಕ್ಕೊಂದು ಚಾರ್ಜರ್ ತಂತಿ. ನಾನು ಮಾತಾಡುವುದು ಓಪನ್ ಸೌಂಡ್ ಕಂಟ್ರೋಲ್ ಎಂಬ ಭಾಷೆ, 1997ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಮೂಲೆಯ ಪೆಟ್ಟಿಗೆಗೆ ಅದು ಅರ್ಥವಾಗುವುದಿಲ್ಲ. ಲ್ಯಾಪ್‌ಟಾಪೇ ಅದನ್ನು ಮಿಡಿಗೆ ತಿರುಗಿಸಿ ಯುಎಸ್‌ಬಿ ತಂತಿಗೆ ಕೊಡುತ್ತದೆ. ಕೊನೆಗೆ...

ಪ್ರಶ್ನೆ: ಕೊನೆಗೆ?

ಟ್ಯಾಬ್ಲೆಟ್: ಅದೇ ಐದು ಪಿನ್ನಿನ ಮುದುಕ. ಆದರೆ ಪರದೆಯ ಹಿಂದೆ ಇರುತ್ತಾನೆ. ಜನಕ್ಕೆ ಕಾಣದ ತಂತಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಪ್ರಶ್ನೆ: ಹೋದ ವರ್ಷದ ಶಹನಾಯಿ ಪ್ರಕರಣ?

ಟ್ಯಾಬ್ಲೆಟ್: ಅದು ವಿಚಾರಣೆಯ ಹಂತದಲ್ಲಿದೆ. 'ನುಡಿ' ಎಂಬ ಆದೇಶ ಕಳಿಸಿದೆ, 'ನಿಲ್ಲಿಸು' ಎಂಬುದನ್ನೂ ಕಳಿಸಿದೆ. ಮೊದಲನೆಯದು ಮುಟ್ಟಿತು, ಎರಡನೆಯದು ದಾರಿಯಲ್ಲೇ ಬಿದ್ದುಹೋಯಿತು. ಹಾಡು ಮುಗಿಯಿತು, ಗಾಯಕಿ ನೀರು ಕುಡಿದರು, ಉತ್ಸವ ಸಮಿತಿಯ ಅಧ್ಯಕ್ಷರು ಮೈಕ್ ಹಿಡಿದು ದಾನಿಗಳ ಹೆಸರು ಓದತೊಡಗಿದರು. ಪೆಟ್ಟಿಗೆಯ ಶಹನಾಯಿ ಮಾತ್ರ ಹಿಡಿದ ಪಂಚಮ ಬಿಡಲಿಲ್ಲ. ಪ್ರತಿ ದಾನಿಗೂ ಮಂಗಳವಾದ್ಯ ಇಟ್ಟಿದ್ದಾರೆಂದು ಜನ ಚಪ್ಪಾಳೆ ತಟ್ಟಿದರು. ಕೀಬೋರ್ಡಿನವರು ನನ್ನ ಮೇಲಿನ 'ಪ್ಯಾನಿಕ್' ಗುಂಡಿಯನ್ನು ಕುಟ್ಟಿದರು. ಅದು ಎಲ್ಲ ಸ್ವರಗಳೂ ನಿಲ್ಲಲಿ ಎನ್ನುವ ಆದೇಶ, ಮಿಡಿ ಪಟ್ಟಿಯಲ್ಲಿ ಸಂಖ್ಯೆ 123. ಕುಟ್ಟುತ್ತಾ ಕುಟ್ಟುತ್ತಾ ಒಂದು ಮುಟ್ಟಿತು.

ಪ್ರಶ್ನೆ: ಮುಟ್ಟಿತೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವ ಪದ್ಧತಿ ಇಲ್ಲವೇ?

ಟ್ಯಾಬ್ಲೆಟ್: ನಮ್ಮ ಟಪಾಲು ಯುಡಿಪಿ ಎಂಬ ನೆಟ್‌ವರ್ಕ್ ಪದ್ಧತಿಯ ಮೂಲಕ ಹೋಗುತ್ತದೆ. ಅದರಲ್ಲಿ ಸ್ವೀಕೃತಿ ಕೇಳುವ ಕ್ರಮವೇ ಇಲ್ಲ. ಕೇಳುತ್ತಾ ನಿಂತರೆ ತಾಳ ಮುಂದೆ ಹೋಗಿಬಿಡುತ್ತದೆ. ಜೊತೆಗೆ ನಮ್ಮ ವೈಫೈಯ 2.4 ಗಿಗಾಹರ್ಟ್ಸ್ ದಾರಿಯಲ್ಲಿ ಬ್ಲೂಟೂತ್, ಮಂದಿಯ ಮೊಬೈಲು, ಪಕ್ಕದ ಬೇಕರಿಯ ಮೈಕ್ರೋವೇವ್ ಎಲ್ಲವೂ ನುಗ್ಗುತ್ತವೆ. ಮಧ್ಯಾಹ್ನದ ಸೌಂಡ್ ಚೆಕ್‌ನಲ್ಲಿ, ಖಾಲಿ ಕುರ್ಚಿಗಳ ಮುಂದೆ, ನನ್ನ ಕಾರ್ಯಕ್ಷಮತೆ ನೋಡಬೇಕು ನೀವು!

ಪ್ರಶ್ನೆ: ನಿಜವಾದ ನಾಬ್ ಕತ್ತಲಲ್ಲೂ ಕೈಗೆ ಸಿಗುತ್ತದೆ. ತಮ್ಮ ಮೇಲಿರುವುದು ಅದರ ಚಿತ್ರ. ಅದನ್ನು ತಿರುಗಿಸಲು ಬೆರಳನ್ನು ಮೇಲಕ್ಕೆಳೆಯಬೇಕು, ಎಳೆಯಲು ಬಗ್ಗಿ ನೋಡಬೇಕು.

ಟ್ಯಾಬ್ಲೆಟ್: ಎಲ್ಲರೂ ಬಗ್ಗಿ ನನ್ನನ್ನೇ ನೋಡುತ್ತಿರುವುದಕ್ಕಿಂತ ಅಧಿಕಾರಿಗೆ ಇನ್ನೇನು ಬೇಕು?

ಪ್ರಶ್ನೆ: ತಮ್ಮಿಂದ ಸಂಗೀತಕ್ಕೆ ಆದ ಒಂದು ಉಪಕಾರ ಹೇಳಿ.

ಟ್ಯಾಬ್ಲೆಟ್: ಗಮಕ. ಕೀಬೋರ್ಡಿನ ಮನೆಗಳ ನಡುವೆ ಗೋಡೆಯಿದೆ. ನನ್ನ ಗಾಜಿನ ಮೇಲೆ ಬೆರಳು ಜಾರುತ್ತದೆ. 2018ರಲ್ಲಿ ಮಿಡಿಗೆ ಎಂಪಿಇ ಎಂಬ ನಿಯಮವೂ ಬಂತು. ಪ್ರತಿ ಬೆರಳಿಗೂ ಬೇರೆ ಚಾನೆಲ್, ಒಂದು ಸ್ವರ ಬಾಗಿದರೆ ಪಕ್ಕದ್ದು ಬಾಗಬೇಕಿಲ್ಲ. ತೋಡಿಯ ಗಾಂಧಾರ ಅಲುಗಿಸಬಹುದು.

ಪ್ರಶ್ನೆ: ತೋಡಿ ಕಲಿತ ಬೆರಳೂ ಬೇಕಲ್ಲ?

ಟ್ಯಾಬ್ಲೆಟ್: ಅದರ ಆ್ಯಪ್ ಇನ್ನೂ ಬಂದಿಲ್ಲ.

ಪ್ರಶ್ನೆ: ನಲವತ್ತು ವರ್ಷ ದಾಟಿದ ಸಿಂಥಸೈಜರ್‌ಗಳು ಈಗಲೂ ನುಡಿಯುತ್ತಿವೆ. ತಮ್ಮ ನಿವೃತ್ತಿ ಯಾವಾಗ?

ಟ್ಯಾಬ್ಲೆಟ್: ಆ್ಯಪ್ ಹೊಸ ಸಾಫ್ಟ್‌ವೇರ್ ಕೇಳುತ್ತದೆ, ಸಾಫ್ಟ್‌ವೇರ್ ಹೊಸ ಟ್ಯಾಬ್ಲೆಟ್ ಕೇಳುತ್ತದೆ. ಆಮೇಲೆ ಮನೆಯಲ್ಲಿ ಮಗುವಿಗೆ ತುತ್ತು ಇಳಿಯುವವರೆಗೆ ಕಾರ್ಟೂನ್ ತೋರಿಸುವ ಹುದ್ದೆ. ಅಲ್ಲಿ ಸದ್ದಿಗೂ ನಾನೇ ಹೊಣೆ, ಅದೇ ಬೇಸರ.

ಪ್ರಶ್ನೆ: ಸಂದರ್ಶನದ ಜೊತೆ ಯಾರ ಫೋಟೋ ಹಾಕಲಿ?

ಟ್ಯಾಬ್ಲೆಟ್: ನನ್ನದೇ. ಕೆಳಗೆ 'ಇಂದಿನ ಸಂಗೀತ ಸಾರಥಿ' ಎಂದಿರಲಿ.

ಪ್ರಶ್ನೆ: ಇವತ್ತೂ ಶಹನಾಯಿ ನಿಲ್ಲದಿದ್ದರೆ?

ಟ್ಯಾಬ್ಲೆಟ್: ಆಗ ಸೌಂಡ್ ಸಿಸ್ಟಂನವರ ಫೋಟೋ ಹಾಕಿ.