ನವನವತಿ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದಡಿಯಿಡುವಂತಿಲ್ಲ. ವಿಷಯ: ಬೆಲೆಚೀಟಿಯಲ್ಲಿ ನೂರರಿಂದ ಕಾಣೆಯಾದ ಒಂದು ರೂಪಾಯಿ. ಅಧಿಕಾರಿ: 499ರ ಅಂಗಿ ತಂದು ಮನೆಯಲ್ಲಿ ‘ನಾನೂರು ಚಿಲ್ಲರೆ’ ಎಂದ ಯಾವನೇ ಗೃಹಸ್ಥ. ಸಂಬಂಧ: ಅವನಿಗೂ ಬೀರುವಿನಲ್ಲಿ ಚೀಟಿ ಸಹ ಕೀಳದೆ ಮಲಗಿರುವ ಅಂಗಿಗಳಿಗೂ ಇರುವಂಥದು. ಪ್ರಯೋಜನ: ಶೋಧ ಜಾರಿಯಲ್ಲಿದೆ.

ಬೆಲೆಗೆ ಮೊದಲು ಚೌಕಾಸಿ ಇತ್ತು. 1852ರಲ್ಲಿ ಪ್ಯಾರಿಸಿನ ‘ಬಾನ್ ಮಾರ್ಷೆ’ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬೂಸಿಕೋ ಎಂಬಾತ ಸರಕಿನ ಮೇಲೆ ಬೆಲೆ ಬರೆದಂಟಿಸಿ ಚೌಕಾಸಿಯ ಬಾಯಿ ಮುಚ್ಚಿಸಿದ. ಕೊಳ್ಳದವರೂ ಒಳಗೆ ಬಂದು ಸುತ್ತಾಡಲಿ ಎಂದ. ಬೇಡವಾದದ್ದನ್ನು ಹಿಂದಿರುಗಿಸಲಿ ಎಂದ. ಸುಮ್ಮನೆ ನೋಡಲು ಹೋಗಿ ಕೈತುಂಬ ಚೀಲ ಹೊತ್ತು ಬರುವ ಸಂಪ್ರದಾಯಕ್ಕೆ ಈತನನ್ನು ಸೂತ್ರಕಾರನೆಂದು ಕರೆದರೆ ತಪ್ಪಾಗದು.

ಬೆಲೆಯೇನೋ ಬಂತು, ಬಾಲದಲ್ಲಿ 99 ಏಕೆ? ಇಲ್ಲಿ ಪಂಥಗಳಿವೆ. ಅಮೆರಿಕದ ಡೇಟನ್ ಪಟ್ಟಣದಲ್ಲಿ ಪಾನಗೃಹ ನಡೆಸುತ್ತಿದ್ದ ಜೇಮ್ಸ್ ರಿಟ್ಟಿ, ಗಲ್ಲಾದ ಹಣ ನೌಕರರ ಜೇಬಿಗೆ ಜಾರುವುದನ್ನು ತಾಳಲಾರದೆ 1879ರಲ್ಲಿ ಕ್ಯಾಶ್ ರಿಜಿಸ್ಟರಿಗೆ ಪೇಟೆಂಟ್ ಪಡೆದ. ಬೆಲೆ ಪೂರ್ತಿ ಒಂದು ಡಾಲರಾದರೆ ನೋಟು ಸೀದಾ ಜೇಬಿಗೆ. 99 ಸೆಂಟಾದರೆ ಚಿಲ್ಲರೆಗಾಗಿ ಗಲ್ಲಾ ತೆಗೆಯಬೇಕು, ಗಂಟೆ ಬಾರಿಸಬೇಕು ಎಂಬುದು ಗಲ್ಲಾಪಂಥದ ವಾದ. ಪುರಾವೆ ತೆಳ್ಳಗಿದೆ. ಕಥೆ ಚೆನ್ನಾಗಿರುವುದರಿಂದ ವಿದ್ವಾಂಸರು ಬಿಡುತ್ತಿಲ್ಲ.

ಭಾರತೀಯರಿಗೆ ಈ ದರ್ಶನದ ದೀಕ್ಷೆ ಕೊಟ್ಟದ್ದು ಚಪ್ಪಲಿ. ಜ್ಲೀನ್ ಊರಿನ ತೋಮಾಸ್ ಬಾಟಾ 1922ರಲ್ಲಿ ತನ್ನ ಪಾದರಕ್ಷೆಗಳ ಬೆಲೆಯನ್ನು ಅರ್ಧಕ್ಕಿಳಿಸಿದ. 1930ರ ದಶಕದಲ್ಲಿ ಕಂಪನಿ ಕೋಲ್ಕತ್ತದ ಬಳಿ ನೆಲೆಯೂರಿ ಬಾಟಾನಗರವನ್ನೇ ಕಟ್ಟಿತು. ಮುಂದೆ 95 ಪೈಸೆಯಲ್ಲಿ ಮುಗಿಯುವ ಬೆಲೆಗೆ ‘ಬಾಟಾ ರೇಟು’ ಎಂದೇ ಹೆಸರಾಯಿತು. 2011ರ ಜೂನ್ 30ರ ನಂತರ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. ಅಲ್ಲಿಂದಾಚೆಗೆ, ಗಿರಾಕಿಗೆ ಬರಬೇಕಾದ ಐದು ಪೈಸೆ ಪರಬ್ರಹ್ಮದಂತೆ ನಿರಾಕಾರ.

ಪೂರ್ವಪಕ್ಷ ಹೀಗಿದೆ: 99 ನೂರಕ್ಕಿಂತ ಕಡಿಮೆ, ಆದ್ದರಿಂದ ಜನ ಕೊಳ್ಳುತ್ತಾರೆ. ಖಂಡನೆ: ಎರಿಕ್ ಆ್ಯಂಡರ್ಸನ್ ಮತ್ತು ಡಂಕನ್ ಸಿಮೆಸ್ಟರ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಚೆ ಮೂಲಕ ಮಾರುವ ಒಂದೇ ಉಡುಪಿಗೆ 34, 39, 44 ಡಾಲರ್ ಎಂದು ಮೂರು ಬೆಲೆ ಇಟ್ಟು ನೋಡಿದರು. ಹೆಚ್ಚು ಮಾರಾಟವಾದದ್ದು 39ರದು. ಅಗ್ಗದ ಆಸೆಯೇ ಕಾರಣವಾಗಿದ್ದರೆ 34 ಗೆಲ್ಲಬೇಕಿತ್ತು. ಒಂಬತ್ತಕ್ಕೆ ತನ್ನದೇ ಮಹಿಮೆಯಿದೆಯೆಂದು ಇದರಿಂದ ಸಿದ್ಧ. ತೋರಿಕೆಗಾಗಿ ಕೊಳ್ಳುವವರನ್ನು ಗೇಲಿಮಾಡಿದ ಥಾರ್‌ಸ್ಟೀನ್ ವೆಬ್ಲೆನ್‌ನ ಗ್ರಂಥ ಸಹ 1899ರಲ್ಲೇ ಹೊರಬಂತು. ಇದು ಕಾಕತಾಳೀಯವೆನ್ನುವವರು ಸಂಶೋಧನೆಗೆ ಅನರ್ಹರು.

ಈಗ ಸಿದ್ಧಾಂತ. ಅಂಗಡಿಯಲ್ಲಿ ಕಳೆದ ರೂಪಾಯಿ ನಾಶವಾಗುವುದಿಲ್ಲ, ಅದು ಮದುವೆಮನೆಯಲ್ಲಿ ಪ್ರತ್ಯಕ್ಷವಾಗುತ್ತದೆ. ಮುಯ್ಯಿ 101, 501, 1001. ಸೊನ್ನೆಯಲ್ಲಿ ನಿಲ್ಲಬಾರದು, ಒಂದು ಸೇರಿದರೆ ನಂಟು ಬೆಳೆಯುತ್ತದೆಂಬ ನಂಬಿಕೆ. 499ಕ್ಕೆ ಸೀರೆ ಕೊಂಡು ಒಂದು ರೂಪಾಯಿ ಉಳಿಸಿದ ಗೃಹಿಣಿ ಅದೇ ಸಂಜೆ ಕವರಿಗೆ 501 ಹಾಕಿದರೆ, ಬ್ರಹ್ಮಾಂಡದ ಲೆಕ್ಕ ಸರಿಹೋಯಿತು. ಸಾವಿರದ ಅಂಚಿನಲ್ಲಿ ಅಂಗಡಿಯವನೂ ಬೀಗರೂ ಹೀಗೆ ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತಿದ್ದಾರೆ: ಅವನದು 999, ಇವರದು 1001.

ಆದರೆ ಈಚೆಗೆ ಈ ಚಕ್ರಕ್ಕೆ ಕುತ್ತು ಬಂದಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ 99ನ್ನು 99 ಆಗಿಯೇ ಕೊಡುವವರಿಗೆ ರೂಪಾಯಿ ಚಿಲ್ಲರೆ ಬರುವುದಿಲ್ಲ, ಅದರ ಬದಲು ಬರುತ್ತಿದ್ದ ಚಾಕಲೇಟೂ ಇಲ್ಲ. ಮುಯ್ಯಿಗೆ ಬೇಕಾದ ನಾಣ್ಯವನ್ನು ಮೊದಲೇ ಅಂಟಿಸಿಟ್ಟ ಕವರುಗಳನ್ನು ಈಗ ಪೇಟೆಯಲ್ಲಿ ಮಾರುತ್ತಾರೆ. ರೂಪಾಯಿಯನ್ನೂ ದುಡ್ಡು ಕೊಟ್ಟೇ ಕೊಳ್ಳುವ ಕಾಲವಿದು.

ಸಿದ್ಧಾಂತದಲ್ಲಿ ಶಂಕೆಯಿರುವ ಓದುಗರು ಮುಂದಿನ ಲಗ್ನದಲ್ಲಿ ಹತ್ತಿರದ ನೆಂಟರಿಗೆ 499 ಮುಯ್ಯಿ ಮಾಡಿ ಸ್ವತಃ ಪರೀಕ್ಷಿಸಬಹುದು. ಫಲಿತಾಂಶಕ್ಕೆ ಗ್ರಂಥಕರ್ತ ಹೊಣೆಯಲ್ಲ.